ಪೈಪ್ ಹಾಸುವ ಹಡಗಿನಲ್ಲಿ ಕೆಲಸ: ತೋರಣಗಲ್ಲು, ಶಕ್ತಿನಗರದ ವೆಲ್ಡರುಗಳಿಗೆ

ಶಕ್ತಿನಗರದ ಬಾಯ್ಲರ್‌ಗಳಲ್ಲೋ ತೋರಣಗಲ್ಲು, ಗಿಣಿಗೇರದ ಉಕ್ಕಿನ ಕಾರ್ಖಾನೆಗಳಲ್ಲೋ ಕೈ ಪಳಗಿಸಿಕೊಂಡವರು ಗಲ್ಫ್‌ನ ಪೈಪ್‌ಲೇ ಬಾರ್ಜ್‌ಗೆ, ಅಂದರೆ ಕಡಲ ತಳಕ್ಕೆ ಪೈಪ್ ಹಾಸುವ ಹಡಗಿಗೆ, ಹೊರಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಬಾಯ್ಲರ್ ಟ್ಯೂಬಿಗೆ ಕೆಳಗಿನಿಂದ ಮೇಲಕ್ಕೆ ಬೆಸುಗೆ. ಬಾರ್ಜ್‌ನಲ್ಲಿ ಮೇಲಿನಿಂದ ಕೆಳಕ್ಕೆ. 6ಜಿ (ಓರೆಯಾಗಿಟ್ಟ ಪೈಪಿನ ಬೆಸುಗೆ) ಸರ್ಟಿಫಿಕೇಟ್ ಅಪ್‌ಹಿಲ್‌ನದಾದರೆ, ಅಂದರೆ ಮೇಲಕ್ಕೆ ಬೆಸೆದದ್ದಾದರೆ, ಡೌನ್‌ಹಿಲ್‌ಗೆ ಮತ್ತೆ ಟೆಸ್ಟ್ ಕೊಡಲೇಬೇಕು.

ಗಲ್ಫ್ ಆಳವಿಲ್ಲದ ಕಡಲು, ಸರಾಸರಿ 35 ಮೀಟರ್ ಅಷ್ಟೆ. ಹಾಗಾಗಿ ಇಲ್ಲಿ ಪೈಪು ‘ಎಸ್’ ಆಕಾರದಲ್ಲಿ ಬಾಗಿ ತಳಕ್ಕೆ ಇಳಿಯುವ ಎಸ್-ಲೇ ವಿಧಾನವೇ ಹೆಚ್ಚು. 12.2 ಮೀಟರಿನ ಪೈಪುಗಳು ಅಡ್ಡಡ್ಡ ಮಲಗಿಕೊಂಡೇ ಸಾಲಾಗಿ ಮುಂದೆ ಸಾಗುತ್ತವೆ. ಒಂದು ಸ್ಟೇಷನ್‌ನಲ್ಲಿ ಒಳಗಿನ ಕ್ಲ್ಯಾಂಪ್ ಹಾಕಿ ರೂಟ್ ಪಾಸ್ (ಬೆಸುಗೆಯ ಮೊದಲ ಪದರ), ಮುಂದಿನವುಗಳಲ್ಲಿ ಅದರ ಮೇಲಿನ ಪದರಗಳಾದ ಹಾಟ್ ಪಾಸ್, ಫಿಲ್, ಕ್ಯಾಪ್. ಆಮೇಲೆ ಅಲ್ಟ್ರಾಸಾನಿಕ್ ಪರೀಕ್ಷೆ, ಕೊನೆಗೆ ಬೆಸುಗೆಯ ಜಾಗಕ್ಕೆ ಲೇಪ, ಅಂದರೆ ಜಾಯಿಂಟ್ ಕೋಟಿಂಗ್. ಎಲ್ಲ ಸ್ಟೇಷನ್ನಿನವರೂ ಮುಗಿಸಿದರೇ ಬಾರ್ಜ್ ಒಂದು ಪೈಪಿನಷ್ಟು ಮುಂದೆ ಸರಿಯುವುದು. ಅತಿ ನಿಧಾನಿಯ ವೇಗವೇ ಎಲ್ಲರ ವೇಗ! ರೂಟ್‌ನಲ್ಲಿ ದೋಷ ಉಳಿದು ಪರೀಕ್ಷೆಯಲ್ಲಿ ಸಿಕ್ಕಿತೆಂದರೆ ರಿಪೇರಿ, ಅದೂ ಆಗದಿದ್ದರೆ ಬೆಸುಗೆಯನ್ನೇ ಕತ್ತರಿಸಿ ತೆಗೆಯುವ ಕಟ್-ಔಟ್. ಕಟ್-ಔಟ್‌ಗೆ ಪೈಪನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಫೋರ್‌ಮನ್ನುಗಳು ರೂಟ್ ವೆಲ್ಡರುಗಳನ್ನೇ ಅಷ್ಟು ಕಾಡುವುದು ಇದಕ್ಕೇ.

ಪೈಪಿಗೆ ಕಾಂಕ್ರೀಟ್ ಕವಚ ಯಾಕೆ ಎಂದು ಹೊಸಬರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ: 48 ಇಂಚಿನ, 27 ಮಿ.ಮೀ. ದಪ್ಪದ ಉಕ್ಕಿನ ಪೈಪು ಮೀಟರಿಗೆ ಸುಮಾರು 790 ಕೆಜಿ. ಅದು ತಳ್ಳುವ ಕಡಲ ನೀರು ಸುಮಾರು 1,200 ಕೆಜಿ. ಖಾಲಿ ಪೈಪು ತೇಲಿಬಿಡುತ್ತದೆ. ಕಬ್ಬಿಣದ ಅದಿರು ಬೆರೆಸಿದ, 10 ಸೆಂ.ಮೀ. ದಪ್ಪದ ಭಾರದ ಕಾಂಕ್ರೀಟ್ ಹಾಕಿದರೆ ನೀರಿನಲ್ಲೂ ಮೀಟರಿಗೆ 400 ಕೆಜಿಗಿಂತ ಹೆಚ್ಚು ತೂಕ ಉಳಿದು ತಳಕ್ಕೆ ಕೂರುತ್ತದೆ. ಸಂಡೂರಿನ ಮಂದಿಗೆ ಅದಿರಿನ ಭಾರ ಹೇಳಿಕೊಡಬೇಕಿಲ್ಲ.

ನಿಜವಾದ ಅಪಾಯವಿರುವುದು ಬಾಗುವ ಎರಡು ಜಾಗಗಳಲ್ಲಿ. ಹಡಗಿನ ಹಿಂಭಾಗದಲ್ಲಿ ಪೈಪಿಗೆ ಆಸರೆಯಾಗಿ ಚಾಚಿದ ಸ್ಟಿಂಗರ್ ಮೇಲೆ ಮೊದಲ ಬಾಗು, ತಳ ಮುಟ್ಟುವ ಮುನ್ನ ಎದುರು ದಿಕ್ಕಿಗೆ ಇನ್ನೊಂದು. ಪೈಪನ್ನು ಬಿಗಿಯಾಗಿ ಹಿಡಿದಿಡುವ ಯಂತ್ರವಾದ ಟೆನ್ಷನರ್‌ನ ಹಿಡಿತ ಸಡಿಲವಾದರೆ, ಇಲ್ಲವೇ ಆಂಕರ್ ಜಾರಿ ಬಾರ್ಜ್ ಹಿಂದೆ ಸರಿದರೆ, ಕೆಳಗಿನ ಬಾಗು ಬಿಗಿಯಾಗಿ ಪೈಪು ನಜ್ಜಾಗುತ್ತದೆ. ನಜ್ಜಾದದ್ದು ಸೀಳಿ ನೀರು ನುಗ್ಗಿತೋ, ಒಮ್ಮೆಲೇ ಏರಿದ ತೂಕವನ್ನು ಟೆನ್ಷನರ್ ತಡೆಯದೇ ಹೋಗಬಹುದು. ಇದಕ್ಕೇ ಪೈಪಿನೊಳಗೆ ತಂತಿ ಕಟ್ಟಿದ, ನಜ್ಜನ್ನು ಪತ್ತೆ ಮಾಡುವ ಬಕಲ್ ಡಿಟೆಕ್ಟರನ್ನು ಎಳೆದುಕೊಂಡೇ ಹೋಗುವುದು. ಅದು ಸಿಕ್ಕಿಕೊಂಡರೆ ಕೆಲಸ ನಿಂತಿತು. ಗಾಳಿ ಎದ್ದರೆ ಪೈಪಿನ ತುದಿಗೆ ಹೆಡ್ (ಹಗ್ಗ ಕಟ್ಟುವ ಮುಚ್ಚಳ) ಬೆಸೆದು, ವಿಂಚ್ ಹಗ್ಗದಲ್ಲಿ ತಳಕ್ಕೆ ಇಳಿಸಿಬಿಡುತ್ತಾರೆ. ಕಡಲು ತಣ್ಣಗಾದ ಮೇಲೆ ಅದನ್ನೇ ಎತ್ತಿ ಮುಂದುವರಿಸುತ್ತಾರೆ.

ಆಳ ಕಡಲಿನ ಜೆ-ಲೇ ಹಡಗಿನಲ್ಲಿ ಪೈಪು ಗೋಪುರದಲ್ಲಿ ನೆಟ್ಟಗೆ ನಿಂತಿರುತ್ತದೆ. ಕಪ್ಪು ಸಮುದ್ರದಡಿಯ ಬ್ಲೂ ಸ್ಟ್ರೀಮ್ ಅನಿಲ ಪೈಪ್‌ಲೈನಿನ ಸುಮಾರು 2,150 ಮೀಟರ್ ಆಳದ ಭಾಗವನ್ನು ಸೈಪೆಮ್ 7000 ಎಂಬ ಹಡಗು ಹೀಗೇ ಹಾಸಿತು. ಅಲ್ಲಿ ಬೆಸುಗೆ ಪೈಪಿನ ಸುತ್ತ ಅಡ್ಡವಾಗಿ, ಅಂದರೆ 2ಜಿ ಎಂಬ ಪೊಸಿಷನ್‌ನಲ್ಲಿ. ರೀಲ್ ಹಡಗುಗಳಲ್ಲಂತೂ ಹೆಚ್ಚಿನ ಬೆಸುಗೆ ದಡದಲ್ಲೇ ಮುಗಿದಿರುತ್ತದೆ. ಪೈಪನ್ನು ದೊಡ್ಡ ಡ್ರಮ್ಮಿಗೆ ಸುತ್ತಿ ತರುತ್ತಾರೆ. ಏಜೆಂಟ್ ‘ಪೈಪ್‌ಲೇ ಹಡಗು’ ಎಂದಷ್ಟೇ ಹೇಳಿದರೆ ಯಾವ ವಿಧಾನದ್ದು, ಟೆಸ್ಟ್ ಯಾವ ಪೊಸಿಷನ್‌ನಲ್ಲಿ ಎಂದು ಸಹಿ ಹಾಕುವ ಮೊದಲೇ ಕೇಳಿ.