ಹುಣ್ಣಿಮೆ ಭರತ

15 ಡಿಸೆಂಬರ್ 2024, ಭಾನುವಾರ
ಕುಡ್ಲೆ, ಗೋಕರ್ಣ

ಪಕ್ಕದ ಕಾಟೇಜಿನ ಹುಡುಗರು ನಾಳೆ ಹಾಫ್ ಮೂನ್ ಬೀಚಿನಿಂದ ಪ್ಯಾರಡೈಸ್ ಬೀಚಿಗೆ ಗುಡ್ಡ ಹತ್ತದೆ, ಕೆಳಗಿನ ಬಂಡೆಗಳ ಮೇಲೇ ಹೋಗುತ್ತಾರಂತೆ. ನೀರು ಇಳಿದಾಗ ದಾಟಿದರಾಯ್ತು ಅನ್ನುವುದು ಅವರ ಲೆಕ್ಕ. ಆಗಿನಿಂದ ಅದೇ ಚಿಂತೆ.

ಇಳಿತದಿಂದ ಭರತಕ್ಕೆ ಆರು ಗಂಟೆಗಿಂತ ತುಸು ಹೆಚ್ಚೇ ಹಿಡಿಯುತ್ತದೆ, ನಿಜ. ಆದರೆ ನೀರು ಒಂದೇ ಸಮ ಏರುವುದಿಲ್ಲ. ಮೊದಲ ಗಂಟೆ ಏರಿದ್ದೇ ತಿಳಿಯದು; ಮೂರನೇ, ನಾಲ್ಕನೇ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಏರಿಬಿಡುತ್ತದೆ. ಇನ್ನೂ ಹೊತ್ತಿದೆ ಎಂದು ಫೋಟೊ ತೆಗೆಯುತ್ತ ಕೂತವರಿಗೆ ತಿರುಗಿ ಬರಲು ದಾರಿಯೇ ಇರುವುದಿಲ್ಲ. ಇವತ್ತು ಹುಣ್ಣಿಮೆ ಬೇರೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಇಳಿತವೂ ಜಾಸ್ತಿ, ಭರತವೂ ಜಾಸ್ತಿ. ಬೇರೆ ದಿನ ಮುಳುಗಿರುವ ಬಂಡೆಯೂ ಹೊರಗೆ ಬಂದು ಕರೆಯುತ್ತದೆ. ಅದರ ಮೇಲೆ ಕಪ್ಪು ಹಾವಸೆ, ಬದಿಯಲ್ಲಿ ಬ್ಲೇಡಿನಂಥ ಚಿಪ್ಪು. ಜಾರಿದರೆ ಅಂಗೈ, ಮೊಣಕಾಲು ಎರಡೂ ಸೀಳುತ್ತವೆ.

ಗುಡ್ಡದ ದಾರಿಯೇ ವಾಸಿ. ಅಲ್ಲೂ ಕೆಂಪು ಜಲ್ಲಿಕಲ್ಲು ಕಾಲಡಿ ಉರುಳುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಬೇಕು. ತಲೆಗೆ ಎರಡು ಲೀಟರ್ ನೀರು. ಈ ತಿಂಗಳಲ್ಲಿ ಆರು ದಾಟಿದರೆ ಕತ್ತಲು. ನಾಲ್ಕೂವರೆಗೇ ಮರಳಿ ಹೊರಡಬೇಕು. ಇಲ್ಲವೇ ಓಂ ಬೀಚಿಗೆ ದೋಣಿಯಲ್ಲಿ ಬರಬೇಕು. ಆ ದೋಣಿಯ ಮಾತು ಬೆಳಿಗ್ಗೆಯೇ ಆಗಿರಬೇಕು.

ಸಂಜೆ ಜೀವರಕ್ಷಕ ತಮ್ಮನ ಹತ್ತಿರ ಇದನ್ನೇ ಹೇಳಿದೆ.

"ಬಂಡೆ ಇರ್ಲಿ ಅಕ್ಕಾ, ಈಜೋರನ್ನ ನೋಡಿ. ಅಲೆ ಒಡೆಯೋ ಕಡೆ ಹೆದರ್ತಾರೆ, ನಡುವೆ ಸಪಾಟಾಗಿ ಕಾಣೋ ಜಾಗಕ್ಕೆ ಇಳೀತಾರೆ."

"ಅಲ್ಲೇ ಸೆಳೆತ."

"ಅಲ್ಲೇ. ದಡಕ್ಕೆ ಬಂದ ನೀರು ತಿರುಗಿ ಹೋಗೋ ದಾರಿ ಅದು. ಬಂಡೆ ಪಕ್ಕ ಅಂತೂ ಇದ್ದೇ ಇರ್ತದೆ. ಸಿಕ್ಕಿಬಿದ್ದೋರು ನೇರ ದಡಕ್ಕೆ ಈಜ್ತಾರೆ. ಅಲ್ಲೇ ಸುಸ್ತಾಗೋದು."

ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಗೆ ಬರಬೇಕು, ಆಮೇಲೆ ಅಲೆಯ ಜೊತೆ ದಡಕ್ಕೆ. ಆಗದಿದ್ದರೆ ತೇಲುತ್ತ ಕೈ ಎತ್ತಬೇಕು. ಇಷ್ಟನ್ನು ಪ್ರತಿ ಕಾಟೇಜಿನ ಬಾಗಿಲ ಹಿಂದೆ ಕನ್ನಡದಲ್ಲಿ ಬರೆದು ಅಂಟಿಸಲಿ ಎಂದು ಮನಸಾರೆ ಅನ್ನಿಸುತ್ತದೆ. ಚೆಕ್‌ಔಟ್ ಸಮಯ ಮಾತ್ರ ಎಲ್ಲ ಕಡೆ ದಪ್ಪಕ್ಷರದಲ್ಲಿರುತ್ತದೆ.

ಟವೆಲ್ ಇನ್ನೂ ಒಣಗಿಲ್ಲ. ಉಪ್ಪುನೀರು ಹೀರಿದ ಬಟ್ಟೆ ಸಿಹಿನೀರಲ್ಲಿ ಜಾಲಿಸದೆ ಒಣಗದು. ಉಪ್ಪು ಗಾಳಿಯ ಪಸೆ ಎಳೆಯುತ್ತಲೇ ಇರುತ್ತದೆ. ಬಾಗಿಲ ಬೀಗಕ್ಕೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟೆ, ತಿರುಗಿತು. ರಾತ್ರಿಗೆ ಬಂಗಡೆ ಇದೆಯಂತೆ!

ನಾಳೆ ಸಾಣಿಕಟ್ಟೆ ಉಪ್ಪಿನ ಆಗರದ ಮೇಲಾಗಿ ತದಡಿ, ಅಲ್ಲಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರು. ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವುದನ್ನು ನೋಡಬೇಕೆಂದರೆ ಇಳಿತಕ್ಕೇ ಅಲ್ಲಿರಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಆ ಹುಡುಗರೂ ಹೊರಡುವ ಹೊತ್ತಿಗೆ... ಪಕ್ಕದಲ್ಲಿ ದೀಪ ಉರಿಯುತ್ತಿದೆ, ಈಗಲೇ ಹೋಗಿ ಹೇಳಿ ಬರುತ್ತೇನೆ