ಎರೆ ಮಣ್ಣಿಲ್ಲದ ಕೆಸರು

ಮುಧೋಳದ ಅಕ್ಕನ ಮನೆಯಲ್ಲಿ ಹಳೇ ಪ್ಲೇಸ್ಟೇಷನ್ 2 ಇನ್ನೂ ಜೀವ ಹಿಡಿದುಕೊಂಡಿದೆ. ಅದಕ್ಕೆ 2001ರ ರೇಸಿಂಗ್ ವಿಡಿಯೋ ಗೇಮ್ 'ಎಟಿವಿ ಆಫ್‌ರೋಡ್ ಫ್ಯೂರಿ' ಹಾಕಿ ಅಳಿಯನ ಜೊತೆ ಕೂತಿದ್ದೇನೆ. ಎಟಿವಿ ಅಂದರೆ ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್, ಗುಡ್ಡ ಮರಳು ಅನ್ನದೆ ನುಗ್ಗುವ ಗಾಡಿ.

ಇದರ ಮಜಾ ವೇಗಕ್ಕಿಂತ ಜಾಸ್ತಿ ಜಿಗಿತದಲ್ಲಿದೆ. ದಿಬ್ಬ ಏರುವಾಗ ಸಸ್ಪೆನ್ಷನ್ ಅದುಮಿ ಹಿಡಿದು, ಸರಿಯಾಗಿ ತುದಿಯಲ್ಲಿ ಬಿಡಬೇಕು. ಕ್ಷಣ ತಪ್ಪಿದರೆ ಹಾರಾಟವಿಲ್ಲ, ಸುಮ್ನೆ ಒಂದು ಕುಲುಕಾಟ ಅಷ್ಟೇ.

ಕೆಸರು ಮಾತ್ರ ಬರೀ ಸುಳ್ಳು! ನಮ್ಮ ಎರೆ ಹೊಲದಲ್ಲಿ ಮಳೆಯಾದ ಮೇಲೆ ಬೈಕು ಇಳಿಸಿ ನೋಡಿ. ಮಡ್‌ಗಾರ್ಡಿನೊಳಗೆ ಮಣ್ಣು ಗಿಡಿದು ಗಾಲಿ ತಿರುಗೋದೇ ನಿಲ್ಲುತ್ತದೆ. ಕಟ್ಟಿಗೆ ತುಂಡು ಹುಡುಕಿ ಕೆರೆಯುತ್ತಾ ಕೂರಬೇಕು. ಅರಿಜೋನಾದ ಫೀನಿಕ್ಸ್‌ನಲ್ಲಿ ಕೂತು ಆಟ ಮಾಡಿದ ರೇನ್‌ಬೋ ಸ್ಟುಡಿಯೋಸ್‌ನವರಿಗೆ ಈ ಕಷ್ಟ ಎಲ್ಲಿ ಗೊತ್ತಾಗಬೇಕು?

ಆದರೆ ಅವರ ತುಂಟತನಕ್ಕೆ ಕೈ ಮುಗಿಯಬೇಕು. ಮ್ಯಾಪಿನ ಗಡಿ ದಾಟಿದರೆ ಸವಾರನನ್ನು ಗಾಡಿ ಸಮೇತ ಆಕಾಶಕ್ಕೆ ಒಗೆದು ವಾಪಸ್ ಒಳಗೆ ಕೆಡವುತ್ತದೆ. 1998ರ 'ಮೋಟೋಕ್ರಾಸ್ ಮ್ಯಾಡ್‌ನೆಸ್'ನಲ್ಲೂ ಇವರದು ಇದೇ ಕಿತಾಪತಿ. ಬೇರೆ ಎಷ್ಟೋ ಆಟಗಳು ದಾರಿ ತಪ್ಪಿದರೆ ಸದ್ದಿಲ್ಲದೆ ಎತ್ತಿ ಟ್ರ್ಯಾಕಿಗೆ ಇಡುತ್ತವೆ. ಬೇಲಿ ಹಾಕೋದಾದರೂ ಹೀಗೆ ನಗಿಸುವಂತೆ ಹಾಕಬಹುದು, ಅಲ್ವಾ?

ಅಳಿಯ ಈಗ ರೇಸು ಬಿಟ್ಟು ಬೇಕಂತಲೇ ಗಡಿ ಹುಡುಕಿ ಹೊರಟಿದ್ದಾನೆ. "ಮಾಮಾ, ಇನ್ನೊಮ್ಮೆ ಒಗೀಲಿ, ತಡಿ!"