ಕೇಬಲ್ ತೆಗೆಸಿಬಿಡಬಹುದೇ? ಆಷಾಢ ಕಳೆದ ಮೇಲೆ ಹೇಳಿ

“ಕೇಬಲ್ ತೆಗೆಸಿ ಟಿವಿಗೊಂದು ಸ್ಟಿಕ್ ಸಿಕ್ಕಿಸಿಕೊಂಡರೆ ಸಾಲದೇ?” ಎಂಬ ಪ್ರಶ್ನೆಯನ್ನು ಶಿರಸಿಯಲ್ಲಿ ಕಂಪ್ಯೂಟರ್ ದುರಸ್ತಿ ಮತ್ತು ನೆಟ್ ಜೋಡಣೆಯ ಕೆಲಸ ಮಾಡುವ ನನ್ನಲ್ಲಿ ಅಂಗಡಿಗೆ ಬಂದವರೂ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೂ ಕೇಳುತ್ತಾರೆ. ಸ್ಟಿಕ್ ಎಂದರೆ ಟಿವಿಗೆ ಸಿಕ್ಕಿಸಿ, ಇಂಟರ್ನೆಟ್ ಮೂಲಕ ಆ್ಯಪ್‌ಗಳ ಕಾರ್ಯಕ್ರಮ ನೋಡುವ ಪುಟ್ಟ ಸಾಧನ. ಯಾವ ಸ್ಟಿಕ್ ಕೊಳ್ಳಬೇಕು ಎಂಬ ಸಲಹೆ ಅವರಿಗೆ ಬೇಕಾಗಿರುತ್ತದೆ. ನನ್ನ ಮಟ್ಟಿಗೆ ಅದು ಈ ವಿಷಯದಲ್ಲಿ ಕೊನೆಗೆ ಯೋಚಿಸಬೇಕಾದ ಸಂಗತಿ. ನಿಮ್ಮ ಮನೆಗೆ ಬರುವ ಇಂಟರ್ನೆಟ್ ಲೈನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತದೆ, ಹಗಲಿನಲ್ಲಿ ರಿಮೋಟು ಯಾರ ಕೈಯಲ್ಲಿರುತ್ತದೆ ಎಂಬ ಎರಡನ್ನು ತಿಳಿಯದೆ ನಾನು ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳುವುದಿಲ್ಲ.

ಪ್ರಶ್ನೆ ಹುಟ್ಟುವುದು ಬಿಲ್ಲಿನಿಂದ. ಕೇಬಲ್, ಡಿಶ್‌ಗಳ ದರಕ್ಕೆ ನಿಯಮ ಮಾಡುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ 2019ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಮೊದಲ 100 ಚಾನೆಲ್‌ಗಳ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿಯ ಮಿತಿ ಇತ್ತು. ಶೇಕಡಾ 18ರ ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. 2020ರ ತಿದ್ದುಪಡಿಯಲ್ಲಿ ಅಷ್ಟೇ ಹಣಕ್ಕೆ 200 ಚಾನೆಲ್ ಎಂದಾಯಿತು, 2024ರಲ್ಲಿ ಆ ಮಿತಿಯನ್ನೇ ತೆಗೆಯಲಾಯಿತು. ಇದು ಬರೀ ತಂತಿಯ ಬಾಡಿಗೆ. ಧಾರಾವಾಹಿ, ಕ್ರಿಕೆಟ್, ಸಿನಿಮಾ ಚಾನೆಲ್‌ಗಳ ದರ ಇದರ ಮೇಲೆ ಬೇರೆ. ನೋಡುವುದು ನಾಲ್ಕಾರು ಚಾನೆಲ್, ಹಣ ಕೊಡುವುದು ನೂರಾರಕ್ಕೆ ಎಂಬ ಅಸಮಾಧಾನ ನ್ಯಾಯವಾದದ್ದೇ. ಆದರೆ ಸ್ಟಿಕ್ ಅಗ್ಗ ಎನ್ನುವವರು ಇಂಟರ್ನೆಟ್ಟಿನ ತಿಂಗಳ ಬಿಲ್ಲನ್ನೂ ಒಂದೊಂದೇ ಆ್ಯಪಿನ ಚಂದಾವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳ ಓದಿಗೋ ಮನೆಯಿಂದಲೇ ಮಾಡುವ ನೌಕರಿಗೋ ಫೈಬರ್ ಇಂಟರ್ನೆಟ್ ಆಗಲೇ ಬಂದಿದ್ದರೆ ಆ ಬಿಲ್ಲನ್ನು ಟಿವಿಯ ತಲೆಗೆ ಕಟ್ಟಬೇಕಾಗಿಲ್ಲ. ಟಿವಿಗೆಂದೇ ಹೊಸದಾಗಿ ತರಿಸುವುದಾದರೆ ಉಳಿತಾಯದ ಮಾತು ಬಿಡುವುದು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ‘ಕೇಬಲ್’ ಎಂದು ಜನ ಹೇಳುವುದೆಲ್ಲ ಕೇಬಲ್ ಆಗಿರುವುದಿಲ್ಲ. ಶಿರಸಿ, ಕಾರವಾರ, ಕುಮಟಾ ಪೇಟೆಗಳಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆದ ಕೇಬಲ್ ಇದೆ. ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಅಂಚಿಗೆ ಒಂದೊಂದೇ ಮನೆಯಿರುವ ಊರುಗಳಲ್ಲಿ ಹಾಗೆ ತಂತಿ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಾಗಿರಲಿಲ್ಲವಾದ್ದರಿಂದ ಅಲ್ಲಿ ಹೆಚ್ಚಾಗಿ ಇರುವುದು ಡಿಶ್. ತೆಗೆಸುವ ಮೊದಲು ನಿಮ್ಮಲ್ಲಿ ಯಾವುದಿದೆ ಎಂದು ನೋಡಿ, ಏಕೆಂದರೆ ಮಳೆಗೆ ಎರಡೂ ಬೇರೆ ಬೇರೆ ರೀತಿಯಲ್ಲಿ ಕೈಕೊಡುತ್ತವೆ. ಡಿಶ್‌ಗೆ ಉಪಗ್ರಹದಿಂದ ಇಳಿಯುವ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳ ಮಳೆ ಅದನ್ನು ಹೀರಿ ಚದುರಿಸುವುದರಿಂದ ಜೋರು ಮಳೆ ಬಂದಾಗಲೆಲ್ಲ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಬರಹ ಮೂಡುತ್ತದೆ. ಮಳೆ ಇಳಿದ ಮೇಲೆ ಅದು ತಾನಾಗಿಯೇ ಸರಿಹೋಗುತ್ತದೆ, ಯಾರನ್ನೂ ಕರೆಯಬೇಕಾಗಿಲ್ಲ. ಕರಾವಳಿಯಲ್ಲಿ ಉಪ್ಪುಗಾಳಿಗೆ ಡಿಶ್‌ನ ಜೋಡಣೆಗಳು ತುಕ್ಕು ಹಿಡಿಯುವುದು ಇನ್ನೊಂದು ಕಾಟ.

ಇನ್ನು ಫೈಬರ್. ಹನಿ ಬಿದ್ದ ಮಾತ್ರಕ್ಕೆ ಅದಕ್ಕೆ ಏನೂ ಆಗುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಹರಿಯುವಾಗ ಹೊರಗೆ ಎಷ್ಟು ಮಳೆ ಸುರಿದರೂ ಲೆಕ್ಕಕ್ಕಿಲ್ಲ. ಮೇ ತಿಂಗಳ ಸಿಡಿಲಿಗೂ ಇದು ವಾಸಿ. ಕೇಬಲ್ಲಿನ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ನೇರವಾಗಿ ಟಿವಿಯ ಒಳಕ್ಕೆ ತರಬಲ್ಲದು, ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ಹಾಗೆಂದು ಗುಡುಗುವಾಗ ಪ್ಲಗ್ ಕೀಳುವ ಹಳೆಯ ರೂಢಿಯನ್ನು ಬಿಡಬೇಡಿ: ಕಂಬಗಳ ಮೇಲೆ ಎಳೆದ ಫೈಬರ್‌ಗೆ ಆಧಾರವಾಗಿ ಉಕ್ಕಿನ ತಂತಿ ಇರುವುದುಂಟು, ಮೋಡೆಮಿಗೆ ಕರೆಂಟಿನ ದಾರಿ ಹೇಗೂ ತೆರೆದಿರುತ್ತದೆ. ಫೈಬರ್‌ಗೆ ನಿಜವಾದ ಶತ್ರು ಮರ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವ ಕರಾವಳಿಯಲ್ಲಿಯೂ ಅದರ ಮೇಲಿನ ಘಟ್ಟದಲ್ಲಿಯೂ ಗಾಳಿಮಳೆಗೆ ಒಂದು ಮರ ಮಗುಚಿದರೆ ಕರೆಂಟಿನ ತಂತಿಯ ಜೊತೆಗೆ ಫೈಬರ್ ಕೂಡ ಹರಿದುಹೋಗುತ್ತದೆ. ಕೇಬಲ್ಲಿನ ತಂತಿಯಾಗಿದ್ದರೆ ಕೇಬಲಿನವರ ಹುಡುಗ ಏಣಿ ಹಾಕಿ, ಸಿಪ್ಪೆ ಸುಲಿದು, ಎರಡು ತುದಿಗಳನ್ನು ಜೋಡಿಸಿ ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದ. ಫೈಬರ್‌ನ ಎರಡು ತುದಿಗಳನ್ನು ಬಿಸಿಯಲ್ಲಿ ಬೆಸೆಯುವುದಕ್ಕೆ ಸ್ಪ್ಲೈಸಿಂಗ್ ಯಂತ್ರವೇ ಬೇಕು, ಅದನ್ನು ಬಳಸಬಲ್ಲ ಮನುಷ್ಯ ಬೇಕು, ಸುರಿಯುವ ಮಳೆಯಲ್ಲಿ ಆ ಕೆಲಸ ಸಾಗುವುದೂ ಇಲ್ಲ. ಒಂದೇ ಗಾಳಿಗೆ ಹತ್ತು ಕಡೆ ಲೈನು ಹರಿದಿದ್ದರೆ ದೇವಳದ ಹತ್ತಿರದ ಮನೆಗೆ ಮೊದಲು ಬರುತ್ತಾರೆ, ಹೊಳೆಯಾಚೆಯ ಒಂಟಿ ಮನೆಗೆ ಕೊನೆಗೆ.

ಆದ್ದರಿಂದ ಫೈಬರ್ ಹಾಕಿಸುವಾಗ ವೇಗ ಎಷ್ಟು ಎಂದು ಕೇಳುವುದಕ್ಕಿಂತ ಲೈನು ಹರಿದರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಹಲವೆಡೆ ಹಿಂದಿನ ಕೇಬಲಿನವರೇ ಈಗ ಫೈಬರ್ ಏಜೆನ್ಸಿ ಹಿಡಿದಿದ್ದಾರೆ. ಅಂಥ ಊರಿನಲ್ಲಿ ನಿಮ್ಮ ಕಂಬ ಎಲ್ಲಿದೆ ಎಂದು ಗೊತ್ತಿರುವ ಮನುಷ್ಯನೇ ಮುಂದುವರಿಯುತ್ತಾನೆ, ಅದು ದೊಡ್ಡ ಅನುಕೂಲ. ವೇಗದ ಬಗ್ಗೆ ಚಿಂತೆ ಬೇಡ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ಅತಿ ಕಡಿಮೆ ದರದ ಫೈಬರ್ ಯೋಜನೆಯಲ್ಲಿಯೂ ಇಷ್ಟು ಸಿಗುತ್ತದೆ. ಚಿತ್ರ ನಿಂತು ನಿಂತು ಬರುವುದಕ್ಕೆ ಕಾರಣ ಹೆಚ್ಚಾಗಿ ಗೋಡೆ. ಮೋಡೆಮ್ ಜಗಲಿಯಲ್ಲಿ, ಟಿವಿ ನಡುಮನೆಯಲ್ಲಿ, ನಡುವೆ ದಪ್ಪನೆಯ ಚಿರೆಕಲ್ಲಿನ ಗೋಡೆ ಇದ್ದರೆ ಐದು ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ತಲುಪುವುದೇ ಕಷ್ಟ, 2.4 ಗಿಗಾಹರ್ಟ್ಸ್‌ಗೆ ಬದಲಿಸಿ, ಇಲ್ಲವೇ ಮೋಡೆಮನ್ನೇ ಟಿವಿಯ ಕೋಣೆಗೆ ತನ್ನಿ. ಕರೆಂಟು ಹೋದಾಗ ಟಿವಿ ಇನ್ವರ್ಟರಿನ ಮೇಲೆ ನಡೆಯುವ ಮನೆಗಳಲ್ಲಿ ಮೋಡೆಮನ್ನೂ ಅದೇ ಲೈನಿಗೆ ಹಾಕಿಸಿರುವುದಿಲ್ಲ. ಇದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಫೈಬರ್ ಇಲ್ಲ, ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ನಡೆಸುತ್ತೇವೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿ ಯೋಜನೆಯಲ್ಲಿ ಸಂಜೆಯ ಎರಡನೆಯ ಧಾರಾವಾಹಿಯ ನಡುವೆಯೇ ಡೇಟಾ ಮುಗಿಯುತ್ತದೆ.

ಈಗ ಆ್ಯಪ್‌ಗಳ ವಿಷಯ. ಕೇಬಲ್ಲಿನಲ್ಲಿ ಒಂದೇ ರಿಮೋಟಿನಲ್ಲಿ ಸಿಗುತ್ತಿದ್ದ ಕನ್ನಡ ಮನರಂಜನೆ ಇಲ್ಲಿ ಮೂರು ಮನೆಗಳಿಗೆ ಹಂಚಿಹೋಗಿದೆ: ಜೀ ಕನ್ನಡದ್ದು ಜೀ5ನಲ್ಲಿ, ಉದಯ ಟಿವಿಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್‌ಗಳು ಸೇರಿ ಒಂದಾದ ಜಿಯೋ ಹಾಟ್‌ಸ್ಟಾರ್‌ನಲ್ಲಿ. ಮನೆಯ ಮೂರು ಮಂದಿ ಮೂರು ಚಾನೆಲ್ ನೋಡುವವರಾದರೆ ಮೂರು ಚಂದಾ. ಅಗ್ಗದ್ದನ್ನು ಆರಿಸುವಾಗಲೂ ಎಚ್ಚರ ಬೇಕು. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಮೊಬೈಲ್ ಯೋಜನೆಯಂಥವು ಫೋನು, ಟ್ಯಾಬ್ಲೆಟ್‌ಗಳಿಗೆ ಮಾತ್ರ, ಟಿವಿಯಲ್ಲಿ ನಡೆಯುವುದಿಲ್ಲ. ಜಾಹೀರಾತಿನ ಕಾಟ ತಪ್ಪುತ್ತದೆ ಎಂದು ಬರುವವರು 2025ರ ಜೂನ್ 17ರಿಂದ ಪ್ರೈಮ್ ವಿಡಿಯೋದಲ್ಲಿಯೂ ಜಾಹೀರಾತು ಶುರುವಾಗಿರುವುದನ್ನು ತಿಳಿದಿರಲಿ. ಸುದ್ದಿ ನೋಡುವವರಿಗೆ ಮಾತ್ರ ತೊಂದರೆಯಿಲ್ಲ. ಕನ್ನಡದ ಮುಖ್ಯ ಸುದ್ದಿ ಚಾನೆಲ್‌ಗಳು ಯೂಟ್ಯೂಬಿನಲ್ಲಿ ನೇರವಾಗಿ, ಪುಕ್ಕಟೆಯಾಗಿ ಬರುತ್ತವೆ. ಯಕ್ಷಗಾನ, ತಾಳಮದ್ದಳೆಯ ವಿಷಯದಲ್ಲಂತೂ ಕೇಬಲ್ ಎಂದೂ ಕೊಡದಷ್ಟನ್ನು ಯೂಟ್ಯೂಬ್ ಕೊಡುತ್ತಿದೆ. 2020ರಲ್ಲಿ ಮೇಳಗಳ ತಿರುಗಾಟ ನಿಂತಾಗ ಆರಂಭವಾದ ನೇರಪ್ರಸಾರದ ರೂಢಿ ಆಮೇಲೂ ಉಳಿದುಕೊಂಡಿತು. ರಾತ್ರಿ ಇಡೀ ಆಟವನ್ನು ದೊಡ್ಡ ಪರದೆಯಲ್ಲಿ ನೋಡುವ ಒಂದೇ ಆಸೆಗೆ ಸ್ಟಿಕ್ ಕೊಂಡ ಹಿರಿಯರನ್ನು ನಾನು ಬಲ್ಲೆ, ಅವರಿಗೆ ಕೊಟ್ಟ ಹಣ ಸಾರ್ಥಕವಾಗಿದೆ.

ಆದರೆ ಹಿರಿಯರೆಲ್ಲ ಅವರಂತಿಲ್ಲ, ಎರಡನೆಯ ಪ್ರಶ್ನೆಯನ್ನು ನಾನು ಕೇಳುವುದು ಇದಕ್ಕಾಗಿಯೇ. ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು ಚೌತಿಗೆ ಬರುವಾಗ ಸ್ಟಿಕ್ ತಂದು, ಸಿಕ್ಕಿಸಿ, ತಮ್ಮ ಖಾತೆಯನ್ನೇ ಹಾಕಿಕೊಟ್ಟು, ಕೇಬಲ್ ತೆಗೆಸಿ ಹೋಗುತ್ತಾರೆ. ಮುಂದೊಂದು ದಿನ ಆ್ಯಪು ತಾನಾಗಿ ಲಾಗೌಟ್ ಆಗುತ್ತದೆ, ಒಟಿಪಿ ಬೆಂಗಳೂರಿನ ಫೋನಿಗೆ ಹೋಗುತ್ತದೆ, ಮಗ ಮೀಟಿಂಗಿನಲ್ಲಿ ಇರುತ್ತಾನೆ. ನೆಟ್‌ಫ್ಲಿಕ್ಸ್ ಅಂತೂ ಒಂದು ಖಾತೆ ಒಂದೇ ಮನೆಗೆ ಎಂಬ ನಿಯಮವನ್ನು 2023ರ ಜುಲೈನಿಂದ ಭಾರತದಲ್ಲಿಯೂ ಜಾರಿಗೆ ತಂದಿದೆ. ಇಲ್ಲಿ ಉಳಿದ ಆಯಿಗೆ ಬೇಕಾಗಿದ್ದದ್ದು ಸಂಜೆ ಏಳಕ್ಕೆ ಗುಂಡಿ ಒತ್ತಿದರೆ ತಾನಾಗಿ ಶುರುವಾಗುವ ಧಾರಾವಾಹಿ. ಸಿಕ್ಕಿದ್ದು ಚೌಕ ಚೌಕ ಚಿತ್ರಗಳ ಒಂದು ಗೋಡೆ, ಅದರಲ್ಲಿ ತನ್ನ ಧಾರಾವಾಹಿಯನ್ನು ತಾನೇ ಹುಡುಕಿಕೊಳ್ಳಬೇಕು. “ತಮ್ಮಾ, ಇದನ್ನು ಮೊದಲಿನ ಹಾಗೆ ಮಾಡಿಕೊಡು” ಎಂದು ಅಂಥವರು ನನಗೆ ಫೋನು ಮಾಡುತ್ತಾರೆ. ಹಗಲಿನಲ್ಲಿ ಮನೆಯಲ್ಲಿರುವವರು ಅರವತ್ತು ದಾಟಿದವರು ಮಾತ್ರವಾದರೆ ಚಾನೆಲ್ ನಂಬರು ಒತ್ತಿದರೆ ಬರುವ ಒಂದು ವ್ಯವಸ್ಥೆಯನ್ನು ಉಳಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ವ್ಯವಸ್ಥೆ ಕೇಬಲ್ಲೇ ಆಗಬೇಕೆಂದಿಲ್ಲ. 2004ರಲ್ಲಿ ಆರಂಭವಾದ ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ಸುಮಾರು 2,000 ರೂಪಾಯಿ ಒಮ್ಮೆ ಕೊಟ್ಟರಾಯಿತು, ತಿಂಗಳ ಬಾಡಿಗೆ ಎಂಬುದಿಲ್ಲ. ಚಂದನ ಬರುತ್ತದೆ, ಜನಪ್ರಿಯ ಧಾರಾವಾಹಿಗಳ ಖಾಸಗಿ ಕನ್ನಡ ಚಾನೆಲ್‌ಗಳನ್ನು ಮಾತ್ರ ಇದರಲ್ಲಿ ನಿರೀಕ್ಷಿಸಬೇಡಿ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲ ಚಾನೆಲ್‌ಗಳೂ ಸಿಗುವುದಿಲ್ಲ. ಇದರ ಉಪಗ್ರಹ ನಮ್ಮಲ್ಲಿಂದ ಆಗ್ನೇಯ ದಿಕ್ಕಿಗೆ, ಅರವತ್ತು ಡಿಗ್ರಿಗೂ ಸ್ವಲ್ಪ ಮೇಲೆ ಇರುವುದರಿಂದ ಅಡಿಕೆ ತೋಟದ ನಡುವಿನ ಅಂಗಳದಲ್ಲಿಯೂ ಆಕಾಶ ಸಿಗುತ್ತದೆ.

ಕ್ರಿಕೆಟ್ ಪ್ರಿಯರಿಗೆ ಫ್ರೀ ಡಿಶ್‌ನಲ್ಲಿ ಇನ್ನೊಂದು ಲಾಭವಿದೆ. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಹಾಗೆ ಹಂಚಿಕೊಂಡದ್ದು ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲ್ ಮತ್ತು ಡಿಶ್‌ಗಳಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಹೀಗಾಗಿ ಹಣ ಕೊಡುವ ಕೇಬಲ್ ಮನೆಯಲ್ಲಿ ದೂರದರ್ಶನದ ಚಾನೆಲ್ಲಿನಲ್ಲಿ ಕಾಣದ ಪಂದ್ಯ ಪುಕ್ಕಟೆಯ ಡಿಶ್ ಮನೆಯಲ್ಲಿ ಕಾಣುವುದುಂಟು. ಆ್ಯಪಿನಲ್ಲಿ ನೋಡುವವರಿಗೆ ಚಿತ್ರ ಕೆಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷದಷ್ಟು ತಡವಾಗಿ ತಲುಪುತ್ತದೆ. ಪಕ್ಕದ ಮನೆಯವರ ಕೂಗಿಗೆ ಮೊದಲೇ ವಿಕೆಟ್ ಗೊತ್ತಾಗಿಬಿಡುತ್ತದೆ.

ಉಪಕರಣದ ಬಗ್ಗೆ ಎರಡು ಮಾತು ಸಾಕು. ನಿಮ್ಮದು ಹಳೆಯ ಡಬ್ಬಾ ಟಿವಿಯಾದರೆ ಅದಕ್ಕೆ ಸ್ಟಿಕ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ, ಎವಿ ಪರಿವರ್ತಕ ಹಾಕಿದರೆ ನಡೆಯುತ್ತದೆ, ಅಕ್ಷರಗಳು ಮಾತ್ರ ಮಸುಕು. ಸ್ಟಿಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಅದರ ಜೊತೆ ಬಂದ ಅಡಾಪ್ಟರ್ ಬಳಸಿ. ಸಾವಿರಾರು ಚಾನೆಲ್ ಪುಕ್ಕಟೆ ಎನ್ನುವ ಹೆಸರಿಲ್ಲದ ಆ್ಯಂಡ್ರಾಯ್ಡ್ ಬಾಕ್ಸ್‌ಗಳನ್ನು ಮನೆಗೆ ತರಲೇಬೇಡಿ: ಅದು ಕದ್ದ ಪ್ರಸಾರ, ಅಂಥ ಕೆಲವು ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಬಂದಿದ್ದು ಪತ್ತೆಯಾಗಿದೆ, ಪ್ರಮಾಣಪತ್ರವಿಲ್ಲದ ಕಾರಣ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಅವುಗಳಲ್ಲಿ ಎಚ್‌ಡಿಯನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ತೆಗೆಸುವ ಮನಸ್ಸಿದ್ದರೆ, ಡಿಸೆಂಬರಿನ ತಿಳಿ ಆಕಾಶದಲ್ಲಿ ನಾಲ್ಕು ದಿನ ಚೆನ್ನಾಗಿ ಬಂತೆಂದು ನಿರ್ಧರಿಸಬೇಡಿ. ಟ್ರಾಯ್ ನಿಯಮಗಳಲ್ಲಿ ಕೇಬಲ್ ಅಥವಾ ಡಿಶ್ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಲು ಅವಕಾಶವಿದೆ. ಮೇ ಮಧ್ಯದೊಳಗೆ ಅರ್ಜಿ ಕೊಟ್ಟು ಜೂನ್, ಜುಲೈ ತಿಂಗಳುಗಳಿಗೆ ನಿಲ್ಲಿಸಿ, ಬಾಕ್ಸ್ ಮನೆಯಲ್ಲಿಯೇ ಇರಲಿ. ಆ ಎರಡು ತಿಂಗಳು ಫೈಬರ್ ಎಷ್ಟು ದಿನ ಸತ್ತಿತ್ತು, ಮನೆಯಲ್ಲಿ ಯಾರು ಎಷ್ಟು ಸಲ ನಿಮ್ಮನ್ನು ಕರೆದರು ಎಂಬುದನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕುತ್ತ ಹೋಗಿ. ಆಗಸ್ಟಿನಲ್ಲಿ ಅದನ್ನು ನೋಡಿ, ತೆಗೆಸುವುದಾದರೆ ಬಾಕ್ಸನ್ನು ಹಿಂದಿರುಗಿಸಿ, ಠೇವಣಿ ಕೊಟ್ಟಿದ್ದರೆ ಅದನ್ನು ಕೇಳಿ ಪಡೆದು, ಸಂಪರ್ಕ ಕಡಿತವಾದದ್ದಕ್ಕೆ ಒಂದು ಬರಹವನ್ನೂ ತೆಗೆದುಕೊಳ್ಳಿ.